ನೀರಿನ ಕೂಲರ್‌ನಲ್ಲಿ ಬಿಯರ್: ಎರಡು ವರ್ಷ ಬಳಸಿದ ಮೇಲೆ

ಅಮೆರಿಕದಲ್ಲಿ ಆಟದ ಮೈದಾನದ ಪಕ್ಕ, ರಸ್ತೆ ಕೆಲಸದವರ ಟ್ರಕ್ಕಿನ ಹಿಂದೆ ಕಿತ್ತಳೆ ಬಣ್ಣದ ದುಂಡನೆಯ ಡಬ್ಬವೊಂದು ಕಾಣುತ್ತದೆ. ಕೆಳಗೊಂದು ನಲ್ಲಿ, ಮೇಲೊಂದು ತಿರುಪು ಮುಚ್ಚಳ. ಐಸ್ ನೀರು ತುಂಬಿಡುವ ಕೂಲರ್ ಅದು. 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಹಿಡಿಯುತ್ತದೆ. ಮಿಶಿಗನ್‌ನ ನಮ್ಮ ಮನೆ ಬೇಸ್‌ಮೆಂಟ್‌ನಲ್ಲಿ ಅದರೊಳಗೆ ಬಾರ್ಲಿ ನೆನೆಯುತ್ತದೆ. ಎರಡು ವರ್ಷದಲ್ಲಿ ಇದರಲ್ಲಿ 19 ಸಲ ಬಿಯರ್ ಮಾಡಿದ್ದೇನೆ. ಶುರು ಮಾಡಬೇಕು ಅಂತಿರುವವರಿಗೆ ನನ್ನ ಮಾತು ಇಷ್ಟೇ: ಇದನ್ನೇ ಕೊಳ್ಳಿ. ಆದರೆ ಅಂಗಡಿಯಿಂದ ತಂದ ಹಾಗೇ ಬಳಸಬೇಡಿ, ಮೂರು ಕಡೆ ಕೈ ಹಾಕಬೇಕು.

ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳುವುದು ತಪ್ಪಲ್ಲ. 1978ರಲ್ಲಿ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಹಿರಿಯೂರಿನಲ್ಲಿರುವ ನನ್ನ ತಮ್ಮ "ಅಕ್ಕಾ, ನಾನೂ ಒಂದು ಕೂಲರ್ ತರ್ಲಾ?" ಅಂದಾಗ ಇದನ್ನೇ ಹೇಳಿದೆ.

ಕೂಲರ್ ಯಾಕೆ ಬೇಕು ಅಂತ ತಿಳಿಯಬೇಕಾದರೆ ರಾಗಿ ಮಾಲ್ಟ್ ನೆನೆಸಿಕೊಳ್ಳಿ. ಅಮ್ಮ ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುತ್ತಿದ್ದರು. ಬಾರ್ಲಿ ಮಾಲ್ಟೂ ಹಾಗೇ, ಸಾಧಾರಣ ಮಾಲ್ಟನ್ನು ಒಣಗಿಸುತ್ತಾರೆ, ಹುರಿಯುವುದಿಲ್ಲ ಅಷ್ಟೇ. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಆ ಕಾಳನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಅವು ಕೆಲಸ ಮುಗಿಸುತ್ತವೆ. 67 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. 75 ದಾಟಿದರೆ ಕಿಣ್ವಗಳು ಸಾಯುತ್ತಾ ಬರುತ್ತವೆ, 60ಕ್ಕಿಂತ ಇಳಿದರೆ ಕೆಲಸ ನಿಧಾನ. ಒಲೆ ಮೇಲೆ ಪಾತ್ರೆಯಿಟ್ಟು ಒಂದು ಗಂಟೆ ಹೀಗೆ ಕಾಯುವುದು ಕಷ್ಟ. ತಳ ಹತ್ತುತ್ತದೆ, ಉರಿ ತಗ್ಗಿಸಿದರೆ ಆರಿಹೋಗುತ್ತದೆ. ತಣ್ಣೀರನ್ನು ತಣ್ಣಗಿಡುವ ಡಬ್ಬ ಬಿಸಿನೀರನ್ನು ಬಿಸಿಯಾಗಿಯೂ ಇಡುತ್ತದೆ ಅಲ್ವಾ? ಅಷ್ಟೇ ವಿಷಯ.

ನನಗೆ ಕೂಲರ್‌ಗೆ 60 ಡಾಲರ್, ವಾಲ್ವು, ವಾಷರ್, ಜಾಲರಿಗೆ ಇನ್ನೊಂದು 35 ಡಾಲರ್ ಆಯಿತು. ಇದೇ ಕೆಲಸಕ್ಕೆ ಕರೆಂಟಿನ ಪಾತ್ರೆಗಳೂ ಸಿಗುತ್ತವೆ, ನಾನು ನೋಡಿದ್ದು 500 ಡಾಲರ್ ಮೇಲಿತ್ತು.

ಮೊದಲು ಬದಲಿಸಬೇಕಾದ್ದು ನಲ್ಲಿ. ಕೂಲರ್ ಜೊತೆ ಬರುವ ಪ್ಲಾಸ್ಟಿಕ್ ನಲ್ಲಿ ಒತ್ತಿ ಹಿಡಿದರೆ ಮಾತ್ರ ಬಿಡುತ್ತದೆ. ಅದನ್ನು ಬಿಚ್ಚಿ, ಆ ತೂತಿಗೆ ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್, ಅಂದರೆ ಹಿಡಿ ತಿರುಗಿಸಿ ತೆರೆದಿಡಬಹುದಾದ ನಲ್ಲಿ, ಕೂರಿಸಿದೆ. ಮೊದಲ ದಿನ ತೊಟ್ಟಿಕ್ಕಿತು. ಬಿಗಿ ಸಾಲದು ಅಂತ ಸ್ಪ್ಯಾನರ್‌ನಲ್ಲಿ ಇನ್ನೂ ತಿರುಗಿಸಿದೆ, ಇನ್ನೂ ಜಾಸ್ತಿ ಸೋರಿತು. ಕೂಲರ್ ಗೋಡೆ ಮೆತ್ತಗಿರುತ್ತದೆ, ಬಿಗಿದಷ್ಟೂ ವಾಷರ್ ಸೊಟ್ಟಗಾಗಿ ಜಾರುತ್ತದೆ. ಒಳಗಡೆ ದಪ್ಪ ಸಿಲಿಕಾನ್ ರಿಂಗ್ ಹಾಕಿ, ಕೈಯಲ್ಲಿ ತಿರುಗಿಸಿ, ಆಮೇಲೆ ಕಾಲು ಸುತ್ತು ಮಾತ್ರ ಸ್ಪ್ಯಾನರ್ ಹಿಡಿದಾಗ ನಿಂತಿತು. ಅವತ್ತಿಂದ ಒಂದು ಹನಿ ಸೋರಿಲ್ಲ. ಕಾಳು ಹಾಕುವ ಮೊದಲು ಬಿಸಿನೀರು ತುಂಬಿ ಅರ್ಧ ಗಂಟೆ ನೋಡಿ. ತಣ್ಣೀರಿಗೆ ಸೋರದ ಜಾಗ ಬಿಸಿನೀರಿಗೆ ಸೋರಬಹುದು.

ಎರಡನೆಯದು ಒಳಗಿನ ಜಾಲರಿ. ಗೀಸರ್‌ಗೆ ನೀರು ಕೊಡುವ ಪೈಪಿನ ಮೇಲೆ ಸ್ಟೀಲ್ ಹೆಣಿಗೆ ಇರುತ್ತದೆ. ಎರಡು ತುದಿ ಕತ್ತರಿಸಿ, ಒಳಗಿನ ರಬ್ಬರ್ ಎಳೆದು ತೆಗೆದರೆ ಉದ್ದನೆಯ ಜಾಲರಿ ಸಿಗುತ್ತದೆ. ಒಂದು ತುದಿ ಮಡಿಸಿ ಮುಚ್ಚಿ, ಇನ್ನೊಂದನ್ನು ವಾಲ್ವಿಗೆ ಸಿಕ್ಕಿಸಿದರೆ ಸೋಸುವ ಸಾಧನ ಸಿದ್ಧ. ನಾನು ಮೊದಲು ತಂದದ್ದು ನೋಡಲು ಸ್ಟೀಲ್, ನಿಜಕ್ಕೂ ಬೂದು ಬಣ್ಣದ ಪ್ಲಾಸ್ಟಿಕ್ ಎಳೆ. ಬಿಸಿಗೆ ಮೆತ್ತಗಾಗಿ, ಐದು ಕೆಜಿ ಕಾಳಿನ ಭಾರಕ್ಕೆ ಚಪ್ಪಟೆಯಾಯಿತು. ನಲ್ಲಿ ತೆರೆದರೆ ಏನೂ ಬರಲಿಲ್ಲ. ಎಲ್ಲವನ್ನೂ ಬಕೆಟ್ಟಿಗೆ ಮಗುಚಿ, ಇಡ್ಲಿ ಬಟ್ಟೆಯಲ್ಲಿ ಹಿಂಡಿ ಹಿಂಡಿ ರಾತ್ರಿ ಹನ್ನೊಂದಾಯಿತು. ಚೀಟಿ ಓದಿ ತನ್ನಿ, ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆದಿರಬೇಕು.

ಮೂರನೆಯದು ಮುಚ್ಚಳ. ಗೋಡೆಯಲ್ಲಿ ಫೋಮ್ ಇದೆ, ನನ್ನ ಮುಚ್ಚಳ ಬರೀ ಟೊಳ್ಳು. ಮೊದಲ ಚಳಿಗಾಲ ಒಂದು ಗಂಟೆಯಲ್ಲಿ ಎರಡೂವರೆ ಡಿಗ್ರಿ ಇಳಿಯುತ್ತಿತ್ತು. ಮುಚ್ಚಳದ ಮೇಲ್ಭಾಗದಲ್ಲಿ ಮೂರು ಸಣ್ಣ ತೂತು ಕೊರೆದು, ಕಿಟಕಿ ಸಂದಿಗೆ ಹೊಡೆಯುವ ಫೋಮ್ ಸ್ಪ್ರೇ ತುಂಬಿಸಿದೆ. ಸ್ವಲ್ಪ ಸ್ವಲ್ಪವೇ ಹೊಡೆಯಿರಿ, ಅದು ಉಬ್ಬುತ್ತದೆ. ಊರಿಂದ ತಂದ ಚಳ್ಳಕೆರೆ ಕಂಬಳಿಯನ್ನೂ ಸುತ್ತುತ್ತೇನೆ. ಈಗ ಹೊರಗೆ ಹಿಮ ಬೀಳುತ್ತಿದ್ದರೂ ಗಂಟೆಗೆ ಒಂದು ಡಿಗ್ರಿ ಇಳಿದರೆ ಹೆಚ್ಚು.

ನಾನು ಪದೇ ಪದೇ ಮಾಡುವ ಪೇಲ್ ಏಲ್ ಅನ್ನುವ ತಿಳಿ ಬಣ್ಣದ ಬಿಯರ್‌ಗೆ ನಾಲ್ಕೂವರೆ ಕೆಜಿ ಸಾಧಾರಣ ಬಾರ್ಲಿ ಮಾಲ್ಟ್, ಬಣ್ಣಕ್ಕೂ ಸಿಹಿಗೂ ಅರ್ಧ ಕೆಜಿ ಕ್ರಿಸ್ಟಲ್ ಮಾಲ್ಟ್. ಅಂಗಡಿಯಲ್ಲೇ ಒಡೆಸಿಕೊಳ್ಳುತ್ತೇನೆ. ಹಿಟ್ಟಾಗಬಾರದು, ನುಚ್ಚಾಗಬೇಕು, ಹೊಟ್ಟು ಇಡಿಯಾಗಿ ಉಳಿಯಬೇಕು. ಸೋಸುವ ಕೆಲಸ ಮಾಡುವುದು ಆ ಹೊಟ್ಟೇ, ಜಾಲರಿ ಅದಕ್ಕೆ ಒತ್ತಾಸೆ ಮಾತ್ರ. 13 ಲೀಟರ್ ಎಸರನ್ನು 74 ಡಿಗ್ರಿಗೆ ಕಾಯಿಸಿ ಕೂಲರ್‌ಗೆ ಹಾಕಿ, ಕಾಳು ಸುರಿದು, ಮುದ್ದೆ ಕೋಲಿನಲ್ಲಿ ತಿರುವುತ್ತೇನೆ. ಮುದ್ದೆ ತೊಳಸಿ ಗೊತ್ತಿದ್ದವರಿಗೆ ಈ ಕೆಲಸ ಸುಲಭ. ಗಂಟು ಉಳಿದರೆ ಅದರೊಳಗಿನ ಪಿಷ್ಟ ಹಾಗೇ ಒಣಗಿ ಕೂರುತ್ತದೆ. ತಳದ ಜಾಲರಿಗೆ ಕೋಲು ತಾಗದಂತೆ ನೋಡಿಕೊಳ್ಳಿ.

ಒಂದು ಗಂಟೆ ಆದ ಮೇಲೆ ನನಗೆ ತುಂಬಾ ಇಷ್ಟದ ಕ್ಷಣ. ಬಿಳಿ ತಟ್ಟೆ ಮೇಲೆ ಒಂದು ಚಮಚ ರಸ, ಅದರ ಪಕ್ಕ ಒಂದು ಹನಿ ಟಿಂಚರ್ ಅಯೋಡಿನ್. ಎರಡೂ ಸೇರುವಲ್ಲಿ ಕಪ್ಪು ನೀಲಿ ಬಂದರೆ ಪಿಷ್ಟ ಉಳಿದಿದೆ. ಹಳದಿ ಕಂದು ಹಾಗೇ ಉಳಿದರೆ ಎಲ್ಲ ಸಕ್ಕರೆಯಾಗಿದೆ. ಹೈಸ್ಕೂಲಿನಲ್ಲಿ ಆಲೂಗಡ್ಡೆ ಮೇಲೆ ಮಾಡಿದ್ದೆವಲ್ಲ, ಅದೇ ಪರೀಕ್ಷೆ. ಕಂಬಳಿ ಬಿಚ್ಚಿ, ಬಿಸಿ ಹೊಗೆ ಮುಖಕ್ಕೆ ಹೊಡೆಯುವಾಗ, ತಟ್ಟೆ ಮೇಲೆ ಆ ಹನಿ ಬಣ್ಣ ಬದಲಿಸದೆ ನಿಲ್ಲುವುದನ್ನು ಪ್ರತಿ ಸಲ ಬಗ್ಗಿ ನೋಡುತ್ತೇನೆ. ಆ ತಟ್ಟೆಯದನ್ನು ಚೆಲ್ಲಿಬಿಡಿ, ವಾಪಸ್ ಹಾಕಬೇಡಿ.

ಆಮೇಲೆ ಬಸಿಯುವುದು. ಮೊದಲು ಬರುವ ಎರಡು ಲೀಟರ್ ಕದಡಿರುತ್ತದೆ, ಅದನ್ನು ಮೆಲ್ಲಗೆ ಮೇಲಿಂದ ಮತ್ತೆ ಹಾಕಬೇಕು. ಸ್ವಲ್ಪ ಹೊತ್ತಿಗೆ ತಿಳಿ ಬೆಲ್ಲದ ಪಾಕದಂಥ ರಸ ಇಳಿಯುತ್ತದೆ. ಪೂರ್ತಿ ಬಸಿದ ಮೇಲೆ ಇನ್ನೊಂದು 17 ಲೀಟರ್ ಬಿಸಿನೀರು ಹಾಕಿ, ತಿರುವಿ, ಮತ್ತೆ ಬಸಿಯುತ್ತೇನೆ. ಒಟ್ಟು 25 ಲೀಟರ್ ಹತ್ತಿರ ಸಿಗುತ್ತದೆ. ಅದನ್ನು ಒಂದು ಗಂಟೆ ಕುದಿಸುತ್ತಾ ಹಾಪ್ಸ್ ಹಾಕುವುದು. ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ವಾಸನೆ ಕೊಡುವ ಬಳ್ಳಿಯ ಹೂವು, ನಾನು ಹಾಕುವುದು ಕ್ಯಾಸ್ಕೇಡ್ ತಳಿ: ಕಹಿಗೆ ಶುರುವಿನಲ್ಲಿ 28 ಗ್ರಾಂ, ವಾಸನೆಗೆ ಕೊನೆಯ ಐದು ನಿಮಿಷ ಇದ್ದಾಗ ಇನ್ನೊಂದು 28. ಇದರ ವಾಸನೆಯನ್ನು ಇಲ್ಲಿನವರು ಗ್ರೇಪ್‌ಫ್ರೂಟ್ ಅನ್ನುತ್ತಾರೆ. ನನಗಂತೂ ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದ ಹಾಗಿರುತ್ತದೆ.

ಉಳಿದದ್ದು ಕೂಲರ್‌ಗೆ ಸಂಬಂಧಿಸಿದ್ದಲ್ಲ, ಚುಟುಕಾಗಿ ಹೇಳುತ್ತೇನೆ. ತಾಮ್ರದ ಸುರುಳಿಯಲ್ಲಿ ನಲ್ಲಿ ನೀರು ಹಾಯಿಸಿ ತಣಿಸುತ್ತೇನೆ, ಚಳಿಗಾಲದಲ್ಲಿ 20 ನಿಮಿಷ ಸಾಕು. ಕುದಿ ನಿಂತ ಮೇಲೆ ರಸಕ್ಕೆ ತಾಗುವ ಪ್ರತಿಯೊಂದಕ್ಕೂ ಸೂಕ್ಷ್ಮಜೀವಿ ಕೊಲ್ಲುವ ಸ್ಟಾರ್ ಸ್ಯಾನ್ ದ್ರಾವಣ. ಸಕ್ಕರೆಯನ್ನು ಆಲ್ಕೋಹಾಲ್ ಮಾಡಲು ಯುಎಸ್-05 ಅನ್ನುವ ಒಣ ಯೀಸ್ಟ್ ಒಂದು ಪ್ಯಾಕೆಟ್, 18 ಡಿಗ್ರಿಯಲ್ಲಿ ಎರಡು ವಾರ, ಬಾಟಲಿಯಲ್ಲಿ ಇನ್ನೆರಡು ವಾರ. ನೀರಿನದು 1.000 ಅಂತಿಟ್ಟರೆ ರಸದ ಶುರುವಿನ ಸಾಂದ್ರತೆ 1.052, ಕೊನೆಗೆ 1.012, ಅಂದರೆ ಆಲ್ಕೋಹಾಲ್ ಶೇಕಡಾ 5ರ ಸ್ವಲ್ಪ ಮೇಲೆ. 48 ಬಾಟಲಿ ತುಂಬುತ್ತದೆ.

ಎರಡು ಎಚ್ಚರಿಕೆ. ಕೂಲರ್ ಬೆಚ್ಚಗಾಗಲಿ ಅಂತ ಕುದಿಯುವ ನೀರನ್ನೇ ಸುರಿಯಬೇಡಿ. ನಾನು ಸುರಿದೆ, ಒಳಗೋಡೆ ಒಂದು ಕಡೆ ಅಂಗೈಯಗಲ ಉಬ್ಬಿ ನಿಂತಿತು. ಇನ್ನೂ ಹಾಗೇ ಇದೆ. ಈಗ ನಲ್ಲಿಯ ಬಿಸಿನೀರನ್ನೇ ಹತ್ತು ನಿಮಿಷ ಇಟ್ಟು ಚೆಲ್ಲುತ್ತೇನೆ.

ಇನ್ನೊಂದು ರಾಗಿಯದು. ಅಮ್ಮ ಕಳಿಸಿದ ರಾಗಿ ಮಾಲ್ಟ್ ಹಿಟ್ಟು ಒಂದು ಕೆಜಿಯನ್ನು ಬಾರ್ಲಿಯ ಜೊತೆ ಸೇರಿಸಿದೆ, ತುಂಬಾ ಆಸೆಯಿಂದ. ನಲ್ಲಿ ಕಟ್ಟಿಕೊಂಡಿತು. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ, "ಹಿಟ್ಟು ಹಾಕಿದ್ಮೇಲೆ ಅದು ಗಂಜೀನೇ ಕಣೇ, ಎಲ್ಲಿಂದ ಇಳಿಯುತ್ತೆ?" ಅಂದರು. ಅವರ ಮಾತು ಸರಿ. ಹಿಟ್ಟಿಗೆ ಹೊಟ್ಟಿಲ್ಲ, ಹುರಿದದ್ದರಿಂದ ಕಿಣ್ವವೂ ಉಳಿದಿರಲಿಲ್ಲ. ಮುಂದಿನ ಸಲ ಅರ್ಧ ಕೆಜಿಗೆ ಇಳಿಸಿ, ಬೇರೆಯಾಗಿ ಅಂಬಲಿ ಕಾಯಿಸಿ, ಆರಿಸಿ, ಎರಡು ಹಿಡಿ ಭತ್ತದ ಹೊಟ್ಟಿನ ಜೊತೆ ಸೇರಿಸಿದೆ. ನಿಧಾನವಾಗಿ ಇಳಿಯಿತು, ಆದರೆ ನಿಲ್ಲಲಿಲ್ಲ. ಆ ಬಿಯರ್‌ನಲ್ಲಿ ಹುರಿದ ರಾಗಿಯ ಘಮ ಹಿಂದಿನಿಂದ ಬರುತ್ತದೆ. 19 ಸಲದಲ್ಲಿ ಅದೇ ನನಗೆ ಹೆಚ್ಚು ಇಷ್ಟವಾದದ್ದು.

ತೊಳೆಯುವುದು ಅದೇ ರಾತ್ರಿ. ಬೆಳಗ್ಗೆ ನೋಡೋಣ ಅಂತ ಬಿಟ್ಟರೆ ಚರಟ ಹುಳಿ ಹಿಡಿದು ಪ್ಲಾಸ್ಟಿಕ್ಕಿಗೆ ವಾಸನೆ ಅಂಟುತ್ತದೆ. ಚರಟವನ್ನು ಕೋಳಿ ಸಾಕುವ ಪಕ್ಕದ ಮನೆಯವರಿಗೆ ಕೊಡುತ್ತೇನೆ. ಜಾಲರಿ ಕಳಚಿ ಬಿಸಿನೀರಿನಲ್ಲಿ ಜಾಲಾಡಿಸಿ, ವಾಲ್ವ್ ಅರ್ಧ ತೆರೆದು, ಕೂಲರನ್ನು ಬೋರಲು ಹಾಕಿ. ಪೂರ್ತಿ ಒಣಗುವ ತನಕ ಮುಚ್ಚಳ ಹಾಕಬೇಡಿ.