ಬೆಳವಣಿಗೆ ಹಾರ್ಮೋನ್: ದಿನದ ಇಂಜೆಕ್ಷನ್ನೋ, ವಾರದ್ದೋ?

ದಿನಾ ಕೊಡುವ ಇಂಜೆಕ್ಷನ್ ಒಳ್ಳೆಯದೋ, ವಾರಕ್ಕೊಮ್ಮೆ ಕೊಡುವುದೋ ಎಂದು ಕೇಳಿದವರ ಮಗುವಿಗೆ ಬೆಳವಣಿಗೆ ಹಾರ್ಮೋನ್ ಕೊರತೆ ಪರೀಕ್ಷೆಯಲ್ಲೇ ಖಚಿತವಾಗಿದೆಯಂತೆ. ಹಾಗಾಗಿ ಈ ಹೋಲಿಕೆ. ಅಪ್ಪನ ಹಾಗೆ ಸ್ವಲ್ಪ ತಡವಾಗಿ ಬೆಳೆಯುವ ಮಗುವಾಗಿದ್ದರೆ ಎರಡೂ ಬೇಡದೇ ಇರಬಹುದು.

ಎತ್ತರದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮೊದಲ ವರ್ಷದ ಅಧ್ಯಯನಗಳಲ್ಲಿ ವಾರದ್ದು ದಿನದ್ದಕ್ಕಿಂತ ಹಿಂದೆ ಬಿದ್ದಿಲ್ಲ. ಮೂಳೆಯ ತುದಿಯ ಬೆಳೆಯುವ ಭಾಗ ಮುಚ್ಚಿಕೊಂಡ ಮೇಲೆ ಯಾವುದೂ ಎತ್ತರ ಕೊಡಲ್ಲ.

ಸುರಕ್ಷತೆಯಲ್ಲಿ ನನ್ನ ಒಲವು ದಿನದ್ದರ ಕಡೆಗೆ. ಮೊದಲು ಶವಗಳ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಹಾರ್ಮೋನ್ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕವಾದ ಮೆದುಳಿನ ಕಾಯಿಲೆ ಬಂತು, 1985ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದರು. ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನ್ ಬಂತು. ಈಗಿನ ಎರಡರಲ್ಲೂ ಆ ಭಯವಿಲ್ಲ. ಆದರೆ ದಿನದ್ದಕ್ಕೆ ದಶಕಗಳ ಅನುಭವವಿದೆ, ವಾರದ್ದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2021ರಲ್ಲಿ. ಯಾವುದನ್ನೇ ಕೊಡುತ್ತಿದ್ದರೂ ಬಿಡದ ತಲೆನೋವು, ಮಂಜಾದ ದೃಷ್ಟಿ, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ರೂಢಿಗೆ ಬಂದರೆ, ರಾತ್ರಿ ಮಲಗುವ ಹೊತ್ತಿಗೆ ಇಂಜೆಕ್ಷನ್ ಪೆನ್ ಹಿಡಿದಾಗೆಲ್ಲ ಮಗು ಅಳುವ, ಡೋಸ್ ಪದೇಪದೇ ತಪ್ಪುವ ಮನೆಗೆ ವಾರದ್ದು ಅನುಕೂಲ. ಟರ್ನರ್ ಸಿಂಡ್ರೋಮ್‌ನಂಥ (ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದಲೇ ಬರುವ ಕ್ರೋಮೋಸೋಮ್ ತೊಂದರೆ) ಕಾರಣವಿದ್ದರೆ ದಿನದ್ದರ ಬಳಕೆಯೇ ಹೆಚ್ಚು ಪಕ್ಕಾ. ದುಡ್ಡು? ವರ್ಷಗಟ್ಟಲೆ ಬೇಕಾಗುತ್ತೆ, ಒಂದು ತಿಂಗಳ ಬಿಲ್ ನೋಡಿ ನಿರ್ಧರಿಸಬೇಡಿ. ತೂಕ ಜಾಸ್ತಿಯಾದಂತೆ ಡೋಸೂ ಏರುತ್ತೆ, ಅಲ್ವಾ?

ವಾರದ್ದನ್ನು ಆರಿಸಿಕೊಂಡರೆ ರಕ್ತಪರೀಕ್ಷೆಗೆ ಹೋಗುವಾಗ ಇಂಜೆಕ್ಷನ್ ಕೊಟ್ಟ ದಿನವನ್ನು ಚೀಟಿಯಲ್ಲಿ ಬರೆದುಕೊಡಿ. ಹಾರ್ಮೋನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತದಲ್ಲಿ ತೋರಿಸುವ ಐಜಿಎಫ್-1 ಅಂಕಿ ಇಂಜೆಕ್ಷನ್ ಆದ ಮೇಲೆ ದಿನದಿಂದ ದಿನಕ್ಕೆ ಬದಲಾಗುತ್ತೆ.