ಫ್ಯಾನ್ ಆಫ್ ಮಾಡಿ ಕತ್ತಿ ಎತ್ತಬೇಕು: ಸ್ಕೈವರ್ಡ್ ಸೋರ್ಡ್ ಎಚ್‌ಡಿ ಜೊತೆ ಎರಡು ವರ್ಷ

ಸ್ಕೈವರ್ಡ್ ಸೋರ್ಡ್ ಅನ್ನುವ ಈ ವಿಡಿಯೋ ಗೇಮಿನಲ್ಲಿ ಕತ್ತಿಗೆ ಶಕ್ತಿ ತುಂಬಿಸಬೇಕಾದರೆ ಕೈಯನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ಹಿಡಿಯಬೇಕು. ನಮ್ಮ ಹಾಲ್‌ನಲ್ಲಿ ಆಕಾಶಕ್ಕಿಂತ ಮೊದಲು ಸೀಲಿಂಗ್ ಫ್ಯಾನ್ ಸಿಗುತ್ತದೆ. ಮೊದಲ ದಿನ ಟಿವಿಯಿಂದ ದೂರ ಇರಲಿ ಅಂತ ದಿವಾನದ ಮೇಲೆ ಹತ್ತಿ ನಿಂತಿದ್ದೆ. ಕೈ ಎತ್ತಿದೆ. ಕತ್ತಿ ಹೊಳೆಯುವ ಮೊದಲೇ ಟಪ್ ಅಂತ ರೆಕ್ಕೆ ಬಡಿದು ಕೈಯಲ್ಲಿದ್ದ ಕಂಟ್ರೋಲರ್, ಅಂದರೆ ಜಾಯ್-ಕಾನ್, ಹೋಗಿ ಅಕ್ವಾಗಾರ್ಡ್ ಪಕ್ಕ ಬಿತ್ತು. ಬೆರಳಿನ ಗಂಟಿನ ಮೇಲೆ ಕಲೆ ಇನ್ನೂ ಇದೆ. ಜಾಯ್-ಕಾನ್‌ಗೆ ಏನೂ ಆಗಲಿಲ್ಲ. ಗಟ್ಟಿಮುಟ್ಟು ಎಷ್ಟು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ಗೇಮ್ ಆಡುವ ಕನ್ಸೋಲ್, ನಿಂಟೆಂಡೊ ಸ್ವಿಚ್, ನನ್ನ ತಮ್ಮ ದುಬೈಯಿಂದ ತಂದುಕೊಟ್ಟಿದ್ದು. ಗೇಮ್ ಮಾತ್ರ ನನ್ನ ದುಡ್ಡು. ವರ್ಷಕ್ಕೆ ಒಂದೇ ದೊಡ್ಡ ಗೇಮ್ ಅಂತ ನಾನೇ ಹಾಕಿಕೊಂಡ ಲೆಕ್ಕ. ಹಾಗಾಗಿ ಹೊಸದಕ್ಕೆ 60 ಡಾಲರ್ ಇರುವುದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 2,900 ರೂಪಾಯಿಗೆ ತಗೊಂಡೆ. 2011ರಲ್ಲಿ ನಿಂಟೆಂಡೊದ ಹಳೇ ವೀ ಕನ್ಸೋಲ್‌ಗೆ ಬಂದಿದ್ದ ಗೇಮ್ ಇದು. 2021ರ ಜುಲೈನಲ್ಲಿ ಸ್ವಿಚ್‌ಗೆ ಹೊಸದಾಗಿ ಮಾಡಿಕೊಟ್ಟರು. ಜೆಲ್ಡಾ ಸರಣಿಯ ಕಾಲರೇಖೆಯಲ್ಲಿ ಎಲ್ಲಕ್ಕಿಂತ ಮೊದಲು ನಡೆಯುವ ಕಥೆ. ಮೋಡದ ಮೇಲಿನ ಊರು, ಹಕ್ಕಿ ಏರಿ ಹಾರುವ ಹುಡುಗ ಲಿಂಕ್, ಕೆಳಗೆ ಬಿದ್ದುಹೋದ ಗೆಳತಿ ಜೆಲ್ಡಾ. ಉಳಿದಿದ್ದನ್ನು ನೀವು ಬೇರೆ ಕಡೆ ಓದಿರುತ್ತೀರಿ.

ನಾನು ಹೇಳಬೇಕಾಗಿರುವುದು ಕತ್ತಿಯ ಬಗ್ಗೆ. ಬಲಗೈಯ ಜಾಯ್-ಕಾನ್ ಕತ್ತಿ, ಎಡಗೈಯದು ಗುರಾಣಿ. ನೀವು ಅಡ್ಡ ಬೀಸಿದರೆ ಲಿಂಕ್ ಅಡ್ಡ ಬೀಸುತ್ತಾನೆ, ಮೇಲಿಂದ ಕೆಳಗೆ ಕಡಿದರೆ ಹಾಗೇ ಕಡಿಯುತ್ತಾನೆ. ಸುಮ್ನೆ ತೋರಿಕೆಗಲ್ಲ. ಬಾಯಿ ಅಡ್ಡಲಾಗಿ ತೆರೆಯುವ ಡೆಕು ಬಾಬಾ ಗಿಡವನ್ನು ಅಡ್ಡಲಾಗೇ ಸೀಳಬೇಕು, ಉದ್ದಕ್ಕೆ ತೆರೆದರೆ ಉದ್ದಕ್ಕೆ. ಮೊದಲ ಎರಡು ವಾರ ನನಗೆ ಇದು ಒಗ್ಗಲೇ ಇಲ್ಲ. ಎಡದಿಂದ ಬೀಸೋಣ ಅಂತ ಕೈಯನ್ನು ಎಡಕ್ಕೆ ಒಯ್ದರೆ, ಆ ಒಯ್ದಿದ್ದನ್ನೇ ಬೀಸು ಅಂದುಕೊಂಡು ಲಿಂಕ್ ಉಲ್ಟಾ ಕಡಿಯುತ್ತಿದ್ದ. ಗೇಮ್ ಸರಿಯಿಲ್ಲ, ದುಡ್ಡು ಹೋಯಿತು ಅಂತ ಮಾರುವ ಯೋಚನೆಯೂ ಬಂದಿತ್ತು.

ಅದೇ ಹೊತ್ತಿಗೆ ಅಪ್ಪ ಕಣ್ಣಿನ ಪೊರೆ ಆಪರೇಷನ್‌ಗೆ ಸಾಗರದಿಂದ ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತು ಎರಡು ಸಂಜೆ ಮಾತಾಡದೆ ನೋಡಿದರು. ಮೂರನೇ ಸಂಜೆ ತಡೆಯಲಾಗಲಿಲ್ಲ.

"ಅಲ್ಲ ಕಣೇ, ನೀನು ಕತ್ತಿ ಬೀಸ್ತಾ ಇದ್ದೀಯೋ, ಸೊಳ್ಳೆ ಓಡಿಸ್ತಾ ಇದ್ದೀಯೋ?"

ನಮ್ಮ ಕಡೆ ಕತ್ತಿ ಅಂದರೆ ರಾಜರದ್ದಲ್ಲ, ಬೆಟ್ಟದಲ್ಲಿ ಸೊಪ್ಪು ಕಡಿಯುವುದು. ಅಪ್ಪ ಐವತ್ತು ವರ್ಷ ಅದನ್ನು ಹಿಡಿದವರು. "ಎತ್ತುವಾಗ ನಿಧಾನ, ಇಳಿಸುವಾಗ ಜೋರು. ನೀನು ಎರಡನ್ನೂ ಜೋರಾಗಿ ಮಾಡ್ತೀಯ" ಅಂದರು. ಆಗ ಪರದೆ ಮೇಲೆ ಇದ್ದದ್ದು ಮೂರು ತಲೆಯ ಸ್ಟಾಲ್ಡ್ರಾ. ಮೂರು ತಲೆಬುರುಡೆಗಳೂ ಒಂದೇ ಏಟಿಗೆ ಹಾರಬೇಕು, ಒಂದು ಉಳಿದರೂ ಬಾಕಿ ಎರಡು ಮತ್ತೆ ಚಿಗುರುತ್ತವೆ. ಅಪ್ಪ ಹೇಳಿದಂತೆ ಕೈಯನ್ನು ಮೆಲ್ಲಗೆ, ನೀರು ತುಂಬಿದ ಚೆಂಬು ಹಿಡಿದ ಹಾಗೆ ಎಡಕ್ಕೆ ಒಯ್ದು ನಿಲ್ಲಿಸಿದೆ. ತಲೆಗಳು ಆ ಕಡೆ ಈ ಕಡೆ ತೂಗುತ್ತಿದ್ದವು. "ಮೂರೂ ಒಂದೇ ಸಾಲಿಗೆ ಬರಲಿ. ಈಗಲ್ಲ. ಈಗಲ್ಲ. ಹ್ಞಾಂ!" ಬೀಸಿದೆ. ಕೈಯಲ್ಲಿ ಸಣ್ಣಗೆ ಗುರ್ ಅಂತು, ಮೂರೂ ಬುರುಡೆ ಉರುಳಿದವು. ಅಪ್ಪ ಕನ್ನಡಕ ತೆಗೆದುಬಿಟ್ಟರು. ಡಾಕ್ಟರು ತೆಗೆಯಬೇಡಿ ಅಂದಿದ್ದರು.

ಅಲ್ಲಿಂದ ಮುಂದೆ ಇದು ಬೇರೆಯೇ ಗೇಮ್. ಗಿರಾಹಿಮ್ ಅನ್ನುವ ಒಬ್ಬ ನಾಜೂಕು ಖಳ ಇದ್ದಾನೆ. ನಿಮ್ಮ ಕತ್ತಿ ಯಾವ ಕಡೆ ಇದೆಯೋ ಅವನ ಕೈ ಆ ಕಡೆಗೇ ಬರುತ್ತದೆ. ಬೀಸಿದರೆ ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಾನೆ. ಬಲಗಡೆ ತೋರಿಸಿ, ಅವನ ಕೈ ಅಲ್ಲಿಗೆ ಹೋದ ಮೇಲೆ ತಟ್ಟನೆ ಎಡದಿಂದ ಹೊಡೆಯಬೇಕು. ಬಟನ್ ಒತ್ತಿ ಆಡುವ ಯಾವ ಗೇಮಿನಲ್ಲೂ ನನಗೆ ಈ ಮೋಸ ಮಾಡುವ ಸುಖ ಸಿಕ್ಕಿಲ್ಲ.

ಇನ್ನೊಂದು ಬಾಗಿಲಿದೆ. ಅದರ ಮೇಲೊಂದು ಕಣ್ಣು, ನಿಮ್ಮ ಕತ್ತಿಯ ತುದಿಯನ್ನೇ ನೋಡುತ್ತಿರುತ್ತದೆ. ಕತ್ತಿಯನ್ನು ಸುತ್ತ ಸುತ್ತ ತಿರುಗಿಸಿದರೆ ಕಣ್ಣಿಗೆ ತಲೆಸುತ್ತು ಬಂದು ಬಾಗಿಲು ತೆರೆಯುತ್ತದೆ. ನಾನು ಟಿವಿ ಮುಂದೆ ನಿಂತು ತಿರುಗಿಸುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಬಂದು, "ಮಂಗಳಾರತಿ ಯಾವ ದೇವರಿಗಮ್ಮ? ಅಪ್ರದಕ್ಷಿಣೆ ಆಗ್ತಾ ಇದೆಯಲ್ಲ, ಸರಿ ತಿರುಗಿಸು" ಅಂದರು. ಸರಿ ತಿರುಗಿಸಿದೆ. ಬಾಗಿಲು ತೆರೆಯಿತು.

ಈಗ ದೂರು. ಅದರ ಹೆಸರು ವೈ ಬಟನ್.

ಹತ್ತು ನಿಮಿಷ ಆಡಿದ ಮೇಲೆ ನೋಡಿ. ನಿಮ್ಮ ಕೈ ಟಿವಿಯ ಮಧ್ಯಕ್ಕೆ ನೆಟ್ಟಗಿದೆ, ಪರದೆಯ ಮೇಲೆ ಕತ್ತಿ ಮಾತ್ರ ಬಲಕ್ಕೆ ವಾಲಿಕೊಂಡಿದೆ. ಬಿಲ್ಲಿನಿಂದ ಗುರಿ ಇಡಲು ಹೋದರೆ ಗುರಿ ಎಲ್ಲೋ ಗೋಡೆಯಲ್ಲಿ. ಆಗ ವೈ ಒತ್ತಬೇಕು, ಮತ್ತೆ ಮಧ್ಯಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಜಾಯ್-ಕಾನ್‌ಗೆ ಟಿವಿ ಎಲ್ಲಿದೆ ಅನ್ನುವುದು ಗೊತ್ತಿಲ್ಲ. ತಾನು ಎಷ್ಟು ತಿರುಗಿದೆ ಅಂತ ಮಾತ್ರ ಒಳಗಿನ ಜೈರೋ ಲೆಕ್ಕ ಇಡುತ್ತದೆ. ನಾನು ಬ್ಯಾಂಕಿನವಳು, ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರತಿ ಎಂಟ್ರಿಯಲ್ಲಿ ಒಂದು ಪೈಸೆ ತಪ್ಪಿದರೆ ಯಾರಿಗೂ ಕಾಣುವುದಿಲ್ಲ, ಸಂಜೆ ಕ್ಯಾಷ್ ಟ್ಯಾಲಿ ಮಾಡುವಾಗ ಗೊತ್ತಾಗುತ್ತದೆ. ವೈ ಬಟನ್ ಅಂದರೆ ಹತ್ತು ನಿಮಿಷಕ್ಕೊಮ್ಮೆ ಟ್ಯಾಲಿ. ಆಫೀಸಿನಲ್ಲಿ ಅದನ್ನೇ ಮಾಡಿ ಮನೆಗೆ ಬಂದವಳಿಗೆ ಇಲ್ಲೂ ಅದೇ ಅಂದರೆ ರೇಗುವುದಿಲ್ಲವೇ?

ಕಾದಾಟದಲ್ಲಿ ಅಷ್ಟು ತೊಂದರೆಯಿಲ್ಲ. ಹಗ್ಗದ ಮೇಲೆ ನಡೆಯುವಾಗ, ಹಾರುವ ಜೀರುಂಡೆಯನ್ನು ಸಂದಿಯಲ್ಲಿ ತೂರಿಸುವಾಗ ಮಾತ್ರ ಪ್ರಾಣ ತಿನ್ನುತ್ತದೆ. ಮಗನಿಗೆ ಹನ್ನೊಂದು ವರ್ಷ. ನಾನು ಆಡುವಾಗ ಹೋಮ್‌ವರ್ಕ್ ಪುಸ್ತಕದಿಂದ ತಲೆ ಎತ್ತದೇ "ಅಮ್ಮಾ, ವೈ ಒತ್ತು" ಅನ್ನುತ್ತಾನೆ. ನಾನು ಉಸಿರೆಳೆದುಕೊಂಡ ಸದ್ದಿನಿಂದಲೇ ಅವನಿಗೆ ಗೊತ್ತಾಗುತ್ತದಂತೆ. ಅವನು ಮಾತ್ರ ಬಟನ್ ಮೋಡ್‌ನಲ್ಲಿ, ಬಲಗಡೆಯ ಕಡ್ಡಿಯನ್ನು (ಸ್ಟಿಕ್) ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಕತ್ತಿ ಬೀಸಿಕೊಂಡು, ಮಲಗಿಕೊಂಡೇ ಆಡುತ್ತಾನೆ. ಅದರಲ್ಲೂ ಒಂದು ಕಿರಿಕಿರಿ ಇದೆ. ಕಡ್ಡಿ ಕತ್ತಿಗೆ ಹೋಯಿತಲ್ಲ, ಕ್ಯಾಮೆರಾ ತಿರುಗಿಸಲು ಎಲ್ ಒತ್ತಿ ಹಿಡಿದುಕೊಳ್ಳಬೇಕು. ನನಗೆ ಅದು ಬಿಲ್ಕುಲ್ ಆಗಲಿಲ್ಲ.

ಹಾಗಾಗಿ ನಂದೊಂದು ಪದ್ಧತಿ ಆಗಿಹೋಗಿದೆ. ಊಟ ಆಗಿ, ಪಾತ್ರೆ ತೊಳೆದು, ಒಂಬತ್ತೂವರೆಗೆ ಟೀಪಾಯಿಯನ್ನು ಗೋಡೆಗೆ ಸರಿಸುತ್ತೇನೆ. ಫ್ಯಾನ್ ಆಫ್. ಬಳೆ ತೆಗೆದು ಟಿವಿ ಸ್ಟ್ಯಾಂಡ್ ಮೇಲೆ ಇಡುತ್ತೇನೆ, ಇಲ್ಲದಿದ್ದರೆ ಜಾಯ್-ಕಾನ್ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ನೆಲದ ಮೊಸಾಯಿಕ್‌ನಲ್ಲಿ ಒಂದು ಕರಿ ಹರಳಿದೆ, ಅದರ ಮೇಲೆ ಬಲಗಾಲ ಹೆಬ್ಬೆರಳು. ವೈ ಒತ್ತಿ ಶುರು. ಹತ್ತೂವರೆಗೆ ಬೆವರಿಳಿದು ನಿಲ್ಲಿಸುತ್ತೇನೆ. ಕಳೆದ ವರ್ಷ ಭುಜ ಹಿಡಿದುಕೊಂಡಿತ್ತು. ಫಿಸಿಯೋಥೆರಪಿಯವರು ಕೈಯನ್ನು ದಿನಾ ನಿಧಾನವಾಗಿ ಮೇಲೆತ್ತಿ ಅಂದಾಗ ನಕ್ಕುಬಿಟ್ಟೆ.

ಇಷ್ಟು ಹೊತ್ತು ಹೊಗಳಿದ್ದಾಯಿತು. ಅರ್ಧ ದಾಟಿದ ಮೇಲೆ ನನಗೆ ನಿಜಕ್ಕೂ ಬೇಜಾರು ಬಂತು. ಇಂಪ್ರಿಸನ್ಡ್ ಅಂತ ಒಂದು ಕರಿ ಗುಡ್ಡದಂಥ ರಾಕ್ಷಸ. ಸುರುಳಿ ದಾರಿಯಲ್ಲಿ ಮೇಲೆ ಹತ್ತುತ್ತಾ ಬರುತ್ತದೆ. ಅದರ ಕಾಲ್ಬೆರಳುಗಳನ್ನು ಕಡಿಯಬೇಕು. ಹೌದು, ಕಾಲ್ಬೆರಳು. ಒಂದು ಸಲ ಆದರೆ ತಮಾಷೆ. ಮೂರು ಸಲ ಬರುತ್ತದೆ! ಎರಡನೇ ಸಲ ಗ್ರೂಸ್ ಅನ್ನುವ ಜಂಬದ ಹುಡುಗ ಬಾಂಬ್ ಎಸೆಯುವ ಯಂತ್ರ ಕಟ್ಟಿಕೊಂಡು ಸಹಾಯಕ್ಕೆ ಬರುತ್ತಾನೆ, ಅವನಿಂದ ಸ್ವಲ್ಪ ಬಚಾವ್. ಕೆಳಗೆ ಇರುವುದೂ ಮೂರೇ ಜಾಗ: ಕಾಡು, ಬೆಂಕಿಬೆಟ್ಟ, ಮರುಭೂಮಿ. ಅಲ್ಲಿಗೇ ಮತ್ತೆ ಮತ್ತೆ ಕಳಿಸುತ್ತಾರೆ. ಒಂದು ಸಲವಂತೂ ಕಾಡಿಗೆ ನೀರು ತುಂಬಿಸಿ, ಅದರೊಳಗೆ ಈಜಿ ಸಂಗೀತದ ಸ್ವರಗಳನ್ನು ಹಿಡಿದು ತರಬೇಕು. ಅದೂ ಕೈ ವಾಲಿಸಿ ಈಜುವುದು. ವೈ, ವೈ, ವೈ. ಅವತ್ತು ಟೀಪಾಯಿ ಸರಿಸಿದ್ದೇ ದಂಡ.

ಇದರ ಮೇಲೆ ಫೈ. ಕತ್ತಿಯೊಳಗಿಂದ ಬರುವ ನೀಲಿ ಹೆಣ್ಣು. ಎದುರಿಗೇ ಕಾಣುವ ಬಾಗಿಲನ್ನು ತೋರಿಸಿ, ಇದು ಬಾಗಿಲಾಗಿರುವ ಸಾಧ್ಯತೆ ಇಷ್ಟು ಪರ್ಸೆಂಟ್ ಅನ್ನುವ ಜಾತಿ. ಸ್ವಿಚ್‌ನಲ್ಲಿ ಅವಳ ಸಲಹೆಗಳಲ್ಲಿ ಎಷ್ಟೋ ನಮಗೆ ಬೇಕಾದರೆ ಮಾತ್ರ ಬರುತ್ತವೆ. ವೀ ಕಾಲದಲ್ಲಿ ರಿಮೋಟಿನ ಬ್ಯಾಟರಿ ಕಡಿಮೆಯಾದರೂ ಇವಳೇ ಬಂದು ಹೇಳುತ್ತಿದ್ದಳು. ಆ ಕಾಲದಲ್ಲಿ ಆಡಿದವರ ತಾಳ್ಮೆಗೆ ನಮಸ್ಕಾರ. ಕೆಳಗಿಂದ ಎಲ್ಲಿ ಬೇಕಾದರೂ ಆಕಾಶಕ್ಕೆ ಹಾರಿಹೋಗುವ ಸೌಲಭ್ಯ ಬೇಕಾದರೆ ಹಕ್ಕಿ ಜೊತೆಗಿರುವ ಜೆಲ್ಡಾ ಗೊಂಬೆ (ಕಂಟ್ರೋಲರ್‌ಗೆ ತಾಗಿಸುವ ಅಮೀಬೊ) ಬೇರೆ ಕೊಳ್ಳಬೇಕು. ನನ್ನ ಬಜೆಟ್‌ನಲ್ಲಿ ಗೊಂಬೆಗೆ ಜಾಗವಿಲ್ಲ. ಸೇವ್ ಮಾಡಲು, ಆಕಾಶಕ್ಕೆ ಮರಳಲು ಇರುವ ಹಕ್ಕಿ ಪ್ರತಿಮೆ ಸಿಗುವವರೆಗೆ ನಡೆದೇ ಹೋಗುತ್ತೇನೆ.

ಬೇಜಾರಾಗಿ ಎರಡು ತಿಂಗಳು ಮುಟ್ಟಲಿಲ್ಲ. ಮತ್ತೆ ಹಿಡಿಸಿದ್ದೂ ಅಪ್ಪನೇ, ಇನ್ನೊಂದು ಕಣ್ಣಿನ ಆಪರೇಷನ್‌ಗೆ ಬಂದಾಗ.

ಲನಾಯ್ರು ಮರುಭೂಮಿಯಲ್ಲಿ ನೀಲಿ ಕಲ್ಲುಗಳಿವೆ. ಒಂದಕ್ಕೆ ಏಟು ಹಾಕಿದರೆ ಅದರ ಸುತ್ತ ಒಂದು ವೃತ್ತದಷ್ಟು ಜಾಗ ಮಾತ್ರ ನೂರಾರು ವರ್ಷ ಹಿಂದಕ್ಕೆ ಹೋಗುತ್ತದೆ. ಮರಳು ಮಾಯ, ಹಸಿರು ಹುಲ್ಲು. ತುಕ್ಕು ಹಿಡಿದು ಬಿದ್ದಿದ್ದ ಯಂತ್ರಮಾನವರು ಎದ್ದು ಕೆಲಸ ಶುರು ಮಾಡುತ್ತಾರೆ. ವೃತ್ತದ ಆಚೆ ಮತ್ತೆ ಮರಳು. ಮುಂದೆ ದೋಣಿಯಲ್ಲೇ ಅಂಥ ಕಲ್ಲಿರುತ್ತದೆ, ಮರಳ ಸಮುದ್ರದಲ್ಲಿ ಹೋಗುತ್ತಿದ್ದರೆ ದೋಣಿಯ ಸುತ್ತ ಮಾತ್ರ ನೀರು. ಅಪ್ಪ ಅದನ್ನು ನೋಡುತ್ತಾ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಲಿಂಗನಮಕ್ಕಿ ನೀರಿಳಿದಾಗ ಹಿಂಗೇ. ಹಳೇ ರಸ್ತೆ ಕಾಣುತ್ತೆ, ಅಷ್ಟೇ. ಜನ ಎದ್ದು ಬರಲ್ಲ" ಅಂದರು. ಶರಾವತಿಯಲ್ಲಿ ಮುಳುಗಿದ ಊರಿನವರು ಅವರು. ನಾನು ವೈ ಒತ್ತುವುದನ್ನೂ ಮರೆತು ನಿಂತಿದ್ದೆ.

ಅದಕ್ಕಿಂತ ಸ್ವಲ್ಪ ಮೊದಲು ಬರುವ ಏನ್ಷಂಟ್ ಸಿಸ್ಟರ್ನ್ ನನ್ನ ಪ್ರಕಾರ ಇಡೀ ಗೇಮಿನ ಕಳಶ. ಕೊಳ, ತಾವರೆ ಎಲೆಗಳು, ನಡುವೆ ದೊಡ್ಡ ಚಿನ್ನದ ಮೂರ್ತಿ. ಕೆಳಗೆ ಇಳಿದರೆ ಕತ್ತಲು, ಕೊಳೆತ ನೀರು, ಕಾಲು ಹಿಡಿದು ಎಳೆಯುವ ಹೆಣಗಳು. ಅಲ್ಲಿಂದ ಒಂದು ದಾರ ಹಿಡಿದು ಬೆಳಕಿಗೆ ಹತ್ತಬೇಕು, ಹಿಂದೆ ಅವೂ ಹತ್ತಿಕೊಂಡು ಬರುತ್ತವೆ. ಕೊನೆಗೆ ಆರು ಕೈಯ ಚಿನ್ನದ ಯಂತ್ರ, ಕೊಲೊಕ್ಟೋಸ್. ಚಾಟಿ ಬೀಸಿ ಅದರ ಕೈಗಳನ್ನು ಕೀಲಿನಿಂದ ಕಿತ್ತು, ಅದರದ್ದೇ ಆಳೆತ್ತರದ ಕತ್ತಿ ಎತ್ತಿ ಅದನ್ನೇ ಪುಡಿ ಮಾಡಬೇಕು. ಆ ದಪ್ಪ ಕತ್ತಿ ಬೀಸುವಾಗ ಕೈಯಲ್ಲಿರುವುದು ಐವತ್ತು ಗ್ರಾಂ ಪ್ಲಾಸ್ಟಿಕ್ ಅನ್ನುವುದು ಮರೆತೇ ಹೋಗುತ್ತದೆ. ಅವತ್ತು ಜಾಯ್-ಕಾನ್ ಅಪ್ಪನ ಕೈಗೆ ಕೊಟ್ಟೆ. ಕೊನೇ ಮೂರು ಏಟು ಅವರದ್ದು. ಎತ್ತುವಾಗ ನಿಧಾನ, ಇಳಿಸುವಾಗ ಜೋರು.

ಮೇಲಿನ ಊರು ಸ್ಕೈಲಾಫ್ಟ್ ಬಗ್ಗೆ ಎರಡು ಮಾತು. ಆಯಾಸ ಆದ ದಿನ ಕೆಳಗೆ ಇಳಿಯುವುದೇ ಇಲ್ಲ, ಅಲ್ಲೇ ಓಡಾಡುತ್ತೇನೆ. ರಾತ್ರಿ ಶಾಲೆಯ ಕಕ್ಕಸಿನೊಳಗಿಂದ ಒಂದು ಕೈ ಹೊರಬಂದು ಕಾಗದ ಕೇಳುತ್ತದೆ. ನಿಮ್ಮ ಹತ್ತಿರ ಒಬ್ಬ ಹುಡುಗ ಬರೆದ ಪ್ರೇಮಪತ್ರ ಇರುತ್ತದೆ. ಅದನ್ನು ಹುಡುಗಿಗೆ ಕೊಡಬೇಕೋ ಕಕ್ಕಸಿನ ಕೈಗೋ, ನಿಮಗೆ ಬಿಟ್ಟಿದ್ದು. ಮಗ ಕಕ್ಕಸಿಗೇ ಕೊಟ್ಟ. ಆಮೇಲೆ ಆ ಹುಡುಗ ಮಲಗಿದಾಗ ಆ ಕೈ ಬಂದು ತಲೆ ನೇವರಿಸುವುದನ್ನು ನೋಡಿ ಎರಡು ದಿನ ಒಬ್ಬನೇ ಬಾತ್‌ರೂಮಿಗೆ ಹೋಗಲಿಲ್ಲ.

ಯಾರು ಕೊಳ್ಳಬಹುದು? ಹಾಲ್‌ನಲ್ಲಿ ಆರಡಿ ಖಾಲಿ ಜಾಗ ಬೇಕು, ಇಂಗ್ಲಿಷ್ ಸಾಲುಗಳನ್ನು ಓದುತ್ತಾ ಕೂರುವ ತಾಳ್ಮೆ ಬೇಕು. ಪಾತ್ರಗಳು ಮಾತಾಡುವುದಿಲ್ಲ, ಎಲ್ಲ ಅಕ್ಷರದಲ್ಲೇ. ಬಟನ್‌ನಲ್ಲೇ ಆಡುತ್ತೇನೆ ಅನ್ನುವವರು ಇದೇ ನಿರ್ದೇಶಕರ 2017ರ ಬ್ರೆತ್ ಆಫ್ ದಿ ವೈಲ್ಡ್ ತಗೊಳ್ಳಿ, ಅದು ಇದಕ್ಕಿಂತ ದೊಡ್ಡದು, ತಡೆಯುವವರೂ ಕಡಿಮೆ. ಪೂರ್ತಿ ಬೆಲೆಗೆ ನಾನಾದರೆ ಕೊಳ್ಳುತ್ತಿರಲಿಲ್ಲ. 2,900ಕ್ಕೆ ಮೋಸವಿಲ್ಲ. ಐದಕ್ಕೆ ಮೂರೂವರೆ. ಮೂರನೇ ಸಲ ಕಾಲ್ಬೆರಳು ಕಡಿದ ರಾತ್ರಿ ಕೇಳಿದ್ದರೆ ಎರಡು ಅನ್ನುತ್ತಿದ್ದೆ.

ಈಗ ಹೀರೋ ಮೋಡ್‌ನಲ್ಲಿ ಎರಡನೇ ಸಲ ಆಡುತ್ತಿದ್ದೇನೆ. ಏಟು ಡಬಲ್ ಬೀಳುತ್ತದೆ, ಆದರೆ ಕತ್ತಿ ಮೇಲೆತ್ತಿದ ತಕ್ಷಣ ಹೊಳೆಯುತ್ತದೆ, ಕೈ ಎತ್ತಿಕೊಂಡು ಕಾಯುವುದಿಲ್ಲ. ಹೋದ ಭಾನುವಾರ ಅಪ್ಪ ಫೋನ್ ಮಾಡಿದ್ದರು. ಅಡಿಕೆ ರೇಟು, ಮಂಗನ ಕಾಟ, ಎಲ್ಲ ಆದ ಮೇಲೆ, "ಆ ಆರು ಕೈಯವನ ಹತ್ರ ಬಂದ್ಯಾ?" ಅಂದರು.

"ನಾಳೆ ನಾಡಿದ್ದು ಬರ್ತೀನಪ್ಪ."

"ಕೊಯ್ಲು ಮುಗಿಸ್ಕೊಂಡು ನಾನೇ ಬರ್ತೀನಿ. ಅಲ್ಲಿವರೆಗೆ ಅವನನ್ನ ಮುಟ್ಬೇಡ."

ಹಾಗಾಗಿ ತಾವರೆ ಕೊಳದ ಹೊರಗೆ ಹಕ್ಕಿ ಪ್ರತಿಮೆ ಹತ್ತಿರ ಸೇವ್ ಮಾಡಿಟ್ಟು, ದಿನಾ ಒಂಬತ್ತೂವರೆಗೆ ಬಲೆ ಹಿಡಿದು ಹುಳ ಹಿಡಿಯುತ್ತಿದ್ದೇನೆ.