ಮೂರು ರೇಡಿಯೊ, ಎರಡು ಆಂಟೆನಾ: ನನ್ನ ಮೇಜಿನ ಮೇಲೆ ಉಳಿದ ಸ್ವಿಚ್ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊ) ಮೇಜಿಗೆ ಕೈಯಿಂದ ತಿರುಗಿಸುವ ಆಂಟೆನಾ ಸ್ವಿಚ್ ಬೇಕು ಅಂದರೆ ನನ್ನ ಓಟು ಎರಕದ ಲೋಹದ ಗಟ್ಟಿ ಸ್ವಿಚ್‌ಗೆ. ಅದೂ ಒಂದಲ್ಲ, ಎರಡು. ಒಂದು ರೇಡಿಯೊಗಳ ಕಡೆಗೆ, ಇನ್ನೊಂದು ಆಂಟೆನಾಗಳ ಕಡೆಗೆ. ಎರಡನ್ನೂ ಎದುರುಬದುರು ಇಟ್ಟು ನಡುವೆ ಒಂದು ಗಿಡ್ಡ ಕೇಬಲ್ ಹಾಕಬೇಕು. ಈ ತೀರ್ಮಾನಕ್ಕೆ ಬರುವ ಮೊದಲು ಮೂರು ಬೇರೆ ದಾರಿಗಳನ್ನು ಪ್ರಯತ್ನಿಸಿದೆ. ಅದರಲ್ಲಿ ಒಂದು ನನ್ನ ಎಸ್‌ಡಿಆರ್ ರಿಸೀವರನ್ನೇ (ಕಂಪ್ಯೂಟರ್ ಪರದೆಯಲ್ಲಿ ಸಿಗ್ನಲ್ ತೋರಿಸುವ, ಕೇಳಲು ಮಾತ್ರ ಇರುವ ರೇಡಿಯೊ) ತಿಂದುಹಾಕಿತು. ಆ ಕಥೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಇಷ್ಟು. 100 ವ್ಯಾಟಿನ ಒಂದು ಎಚ್‌ಎಫ್ (ಶಾರ್ಟ್‌ವೇವ್) ಸೆಟ್, ನಾನೇ ಬೆಸುಗೆ ಹಾಕಿ ಕಟ್ಟಿದ 5 ವ್ಯಾಟಿನ ಸಣ್ಣ ಸೆಟ್, ಬ್ಯಾಂಡ್ ಪೂರ್ತಿ ಒಮ್ಮೆಗೇ ನೋಡಲು ಒಂದು ಎಸ್‌ಡಿಆರ್. ಹೊರಗೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್) ಡೈಪೋಲ್ ಅನ್ನುವ ತಂತಿ ಆಂಟೆನಾ ಮತ್ತು ಮೇಲಿನ ಬ್ಯಾಂಡ್‌ಗಳಿಗೆ ಒಂದು ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆಂಟೆನಾ. ಪರೀಕ್ಷೆಗೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗಿಕೊಳ್ಳುವ ರೆಸಿಸ್ಟರ್). ಅಂದರೆ ಆ ಕಡೆ ಮೂರು, ಈ ಕಡೆ ಮೂರು.

ಎಷ್ಟೋ ದಿನ ಕೇಬಲನ್ನು ಕೈಯಲ್ಲೇ ಬದಲಾಯಿಸುತ್ತಿದ್ದೆ. ಮೇಜಿನ ಹಿಂದೆ ಕೈ ತೂರಿಸಿ, ಪಿಎಲ್-259 ಕನೆಕ್ಟರಿನ ತಿರುಪನ್ನು ಬಿಚ್ಚಿ, ಇನ್ನೊಂದಕ್ಕೆ ಹಾಕಿ ಬಿಗಿಯುವುದು. ನಿಧಾನದ ಕೆಲಸ. ಆದರೆ ಇದರಲ್ಲಿ ಒಂದು ದೊಡ್ಡ ಒಳ್ಳೆಯ ಗುಣ ಇತ್ತು. ಅದು ನನಗೆ ಆಮೇಲೆ ಅರ್ಥ ಆಯಿತು. ಕಳಚಿದ ಕೇಬಲಿನಿಂದ ರೇಡಿಯೊಗೆ ಏನೂ ಸೋರಿ ಬರುವುದಿಲ್ಲ. ಮುಂದೆ ಒಂದು ಅಲ್ಯೂಮಿನಿಯಂ ಪಟ್ಟಿಗೆ ಬಿಎನ್‌ಸಿ ಸಾಕೆಟ್‌ಗಳನ್ನು ಕೂರಿಸಿ, ಗಿಡ್ಡ ಕೇಬಲ್ ತುಂಡುಗಳಿಂದ ಬೇಕಾದ್ದನ್ನು ಬೇಕಾದ್ದಕ್ಕೆ ಜೋಡಿಸುವ ಹಾಗೆ ಮಾಡಿಕೊಂಡೆ. ಬಿಎನ್‌ಸಿ ಕಾಲು ಸುತ್ತು ತಿರುಗಿಸಿದರೆ ಕೂರುತ್ತದೆ, ಎಚ್‌ಎಫ್‌ನಲ್ಲಿ 100 ವ್ಯಾಟನ್ನು ಆರಾಮಾಗಿ ತಾಳುತ್ತದೆ. ದಿನಕ್ಕೆ ಒಮ್ಮೆಯೋ ಎರಡು ಸಲವೋ ಆಂಟೆನಾ ಬದಲಾಯಿಸುವವರಿಗೆ ಇದೇ ಸಾಕು. ನಾನು ಹಾಗಲ್ಲ. ಒಂದೇ ಸ್ಟೇಷನ್ನನ್ನು ಡೈಪೋಲ್‌ನಲ್ಲಿ ಕೇಳಿ, ತಕ್ಷಣ ವರ್ಟಿಕಲ್‌ನಲ್ಲಿ ಕೇಳಿ, ಯಾವುದರಲ್ಲಿ ಚೆನ್ನಾಗಿದೆ ಅಂತ ನೋಡುವುದು ನನ್ನ ಅಭ್ಯಾಸ. ಸಿಗ್ನಲ್ ಏಳುತ್ತಾ ಬೀಳುತ್ತಾ ಇರುತ್ತದೆ. ಕೇಬಲ್ ಬದಲಿಸುವ ಹತ್ತು ಸೆಕೆಂಡಿನಲ್ಲಿ ಅದು ಎಲ್ಲೋ ಹೋಗಿರುತ್ತದೆ. ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಒಂದು ಅಗ್ಗದ ಸ್ವಿಚ್ ತಂದೆ. ನಾಲ್ಕು ದಾರಿ (ನಾಲ್ಕು ಸಾಕೆಟ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು), ಮುಂದೆ ಒಂದು ಗುಂಡಿ, ನೋಡಲು ಅಚ್ಚುಕಟ್ಟು. ಮೂರು ರೇಡಿಯೊಗಳನ್ನೂ ಅದಕ್ಕೆ ಹಾಕಿ, ನಡುವಿನ ಸಾಕೆಟಿನಿಂದ ಆಂಟೆನಾಗೆ ಕೊಟ್ಟೆ. ಮೊದಲ ದಾರಿಗೆ 100 ವ್ಯಾಟಿನ ಸೆಟ್, ಅದರ ಪಕ್ಕದ್ದಕ್ಕೇ ಎಸ್‌ಡಿಆರ್. ಆಗ ನಾನು ಇರುತ್ತಿದ್ದದ್ದು ಹೆಚ್ಚಾಗಿ 40 ಮೀಟರ್‌ನಲ್ಲಿ. ತಿಂಗಳುಗಟ್ಟಲೆ ಏನೂ ತೊಂದರೆ ಬರಲಿಲ್ಲ. ಎಸ್‌ಡಿಆರ್ ಪರದೆಯ ಮೇಲೆ ನನ್ನದೇ ಸಿಗ್ನಲ್ ಜೋರಾಗಿ ಕಾಣುತ್ತಿತ್ತು. ಒಂದೇ ಮೇಜಿನ ಮೇಲಿದೆ, ಕಾಣದೇ ಇರುತ್ತದಾ ಅಂದುಕೊಂಡೆ.

ಆಮೇಲೆ 10 ಮೀಟರ್ ಬ್ಯಾಂಡ್ ತೆರೆದುಕೊಂಡಿತು, ಅಂದರೆ ಅದರಲ್ಲಿ ದೂರದ ಸ್ಟೇಷನ್‌ಗಳು ಸಿಗತೊಡಗಿದವು. 28 ಮೆಗಾಹರ್ಟ್ಸ್‌ನಲ್ಲಿ ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ವಿಧಾನ) ಮಾಡುತ್ತಾ ಪೂರ್ತಿ 100 ವ್ಯಾಟ್ ಬಿಟ್ಟೆ. 15 ಸೆಕೆಂಡಿನ ಪ್ರತಿ ಸರದಿಯಲ್ಲಿ ಹತ್ತಿರ ಹತ್ತಿರ 13 ಸೆಕೆಂಡು ಎಡೆಬಿಡದೆ ಟ್ರಾನ್ಸ್‌ಮಿಟ್. ಅದೇ ಸಂಜೆ ಎಸ್‌ಡಿಆರ್ ಕಿವುಡಾಯಿತು. ಪರದೆಯಲ್ಲಿ ಗದ್ದಲದ ಗೆರೆ ಇದೆ, ಸ್ಟೇಷನ್ ಒಂದೂ ಇಲ್ಲ. ಕೇಬಲ್ ಬದಲಿಸಿದೆ, ಕಂಪ್ಯೂಟರ್ ಬದಲಿಸಿದೆ, ಸಾಫ್ಟ್‌ವೇರ್ ಮತ್ತೆ ಹಾಕಿದೆ. ಏನೂ ಆಗಲಿಲ್ಲ. 40 ಮೀಟರ್‌ನಲ್ಲಿ ಅಷ್ಟು ದಿನ ಬದುಕಿದ್ದು 10 ಮೀಟರ್‌ನಲ್ಲಿ ಒಂದೇ ಸಂಜೆಗೆ ಯಾಕೆ ಹೋಯಿತು? ಇದು ನನ್ನನ್ನು ಎಷ್ಟೋ ದಿನ ಕಾಡಿತು.

ಸ್ವಿಚ್‌ನ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ತೆಳು ತಗಡಿನ ಡಬ್ಬಿ, ಮಧ್ಯೆ ಸಾಮಾನ್ಯ ರೋಟರಿ ಸ್ವಿಚ್, ಅದರಿಂದ ಪ್ರತಿ ಸಾಕೆಟಿಗೆ ಬೆರಳುದ್ದದ ಬರೀ ತಂತಿ. ತಂತಿಗಳು ಅಕ್ಕಪಕ್ಕದಲ್ಲೇ ಓಡುತ್ತವೆ, ನಡುವೆ ಗೋಡೆ ಇಲ್ಲ. ಆರಿಸದ ದಾರಿಗಳು ಎಲ್ಲಿಗೂ ತಾಗದೆ ಸುಮ್ನೆ ತೇಲುತ್ತಿವೆ. ಅಕ್ಕಪಕ್ಕ ಇರುವ ಎರಡು ತಂತಿ ಅಂದರೆ ಒಂದು ಪುಟ್ಟ ಕೆಪಾಸಿಟರ್ ಅಲ್ವಾ? ಬರೀ 1 ಪಿಕೊಫ್ಯಾರಡ್ ಅಂತ ಇಟ್ಟುಕೊಳ್ಳಿ. 3.5 ಮೆಗಾಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 45,000 ಓಮ್. 28 ಮೆಗಾಹರ್ಟ್ಸ್‌ಗೆ ಬಂದರೆ ಅದು 5,700 ಓಮ್‌ಗೆ ಇಳಿಯುತ್ತದೆ. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಈ ಸೋರಿಕೆ 6 ಡಿಬಿ (ಡೆಸಿಬಲ್) ಹೆಚ್ಚು. ಅಂದರೆ ಪವರ್ ಲೆಕ್ಕದಲ್ಲಿ ನಾಲ್ಕು ಪಟ್ಟು.

ನ್ಯಾನೊವಿಎನ್‌ಎ ಅನ್ನುವ ಸಣ್ಣ ಅಳತೆ ಯಂತ್ರ ಇಟ್ಟು ಅಳೆದೆ. ನಡುವಿನ ಸಾಕೆಟಿಗೆ 50 ಓಮ್ ಲೋಡ್, ಒಂದು ತುದಿ ಆರಿಸಿದ ದಾರಿಗೆ, ಇನ್ನೊಂದು ತುದಿ ಪಕ್ಕದ ಆರಿಸದ ದಾರಿಗೆ. 7 ಮೆಗಾಹರ್ಟ್ಸ್‌ನಲ್ಲಿ ಸೋರಿಕೆಗೆ ತಡೆ 48 ಡಿಬಿ, 28ರಲ್ಲಿ 36 ಡಿಬಿ. ಸಂಖ್ಯೆ ದೊಡ್ಡದಾದಷ್ಟೂ ಸೋರುವುದು ಕಡಿಮೆ. ಈಗ ಲೆಕ್ಕ ಹಾಕಿ. 100 ವ್ಯಾಟಿಗೆ 48 ಡಿಬಿ ತಡೆ ಇದ್ದರೆ ಎಸ್‌ಡಿಆರ್‌ಗೆ ತಲುಪುವುದು 1.6 ಮಿಲಿವ್ಯಾಟ್. 36 ಡಿಬಿ ಇದ್ದರೆ 25 ಮಿಲಿವ್ಯಾಟ್. ಇಂಥ ಸಣ್ಣ ರಿಸೀವರ್‌ಗಳು ತಾಳುವುದು ಸಾಮಾನ್ಯವಾಗಿ 10 ಮಿಲಿವ್ಯಾಟ್ ಆಸುಪಾಸು, ಕೆಲವು ಇನ್ನೂ ಕಡಿಮೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆಂಟೆನಾ ಸರಿಯಾಗಿ ಹೊಂದದೆ ಎಸ್‌ಡಬ್ಲ್ಯೂಆರ್ (ಆ ಹೊಂದಾಣಿಕೆಯ ಕೊರತೆ ಹೇಳುವ ಅಳತೆ) ಜಾಸ್ತಿ ಇದ್ದರೆ ಸ್ವಿಚ್ ಹತ್ತಿರ ವೋಲ್ಟೇಜ್ ಏರಿ ಸೋರಿಕೆ ಇನ್ನೂ ಹೆಚ್ಚಬಹುದು, ಅದು ಬೇರೆ.

ಎಸ್‌ಡಿಆರನ್ನು ಪಕ್ಕದ ದಾರಿ ಬಿಟ್ಟು ಕೊನೆಯ ದಾರಿಗೆ ಹಾಕಿದ್ದರೆ ಬಹುಶಃ ಉಳಿಯುತ್ತಿತ್ತು. ದೂರದ ದಾರಿಗೆ ಅಳೆದಾಗ ತಡೆ ಸ್ವಲ್ಪ ಉತ್ತಮವಾಗಿಯೇ ಬಂತು. ಆದರೆ ಯಾವ ರೇಡಿಯೊ ಯಾರ ಪಕ್ಕ ಕೂರಬೇಕು ಅಂತ ನೆನಪಿಟ್ಟುಕೊಂಡು ಬಾಳಬೇಕಾದ ಸ್ವಿಚ್ ನನಗೆ ಬೇಡ. ಅದಕ್ಕೇ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಸ್ವಿಚ್ ಕೊಳ್ಳುವಾಗ ಎಷ್ಟು ದಾರಿ ಇದೆ ಅಂತ ಎಣಿಸಬೇಡಿ. ಎಷ್ಟು ವ್ಯಾಟ್ ತಾಳುತ್ತದೆ ಅನ್ನುವುದೂ ಆಮೇಲಿನ ಮಾತು. ಆರಿಸದ ದಾರಿಗೆ ಏನಾಗುತ್ತದೆ ಅಂತ ಮೊದಲು ಕೇಳಿ.

ಇದಾದ ಮೇಲೆ ಟ್ರಾನ್ಸ್‌ಫರ್ ಸ್ವಿಚ್ ಪ್ರಯತ್ನಿಸಿದೆ. ನಾಲ್ಕು ಸಾಕೆಟ್, ಎರಡೇ ಸ್ಥಿತಿ. ಒಂದರಲ್ಲಿ ಎರಡೂ ರೇಡಿಯೊ ತಂತಮ್ಮ ಆಂಟೆನಾಗೆ ನೇರ. ಇನ್ನೊಂದರಲ್ಲಿ ಅಡ್ಡ ಬದಲಾಗುತ್ತವೆ. ಇದರ ಸೊಗಸು ಏನೆಂದರೆ ಎರಡೂ ರೇಡಿಯೊ ಒಟ್ಟಿಗೆ ಜೀವಂತ. ಒಂದರಲ್ಲಿ ಮಾತಾಡುತ್ತಾ ಇನ್ನೊಂದರಲ್ಲಿ ಬೇರೆ ಬ್ಯಾಂಡ್ ಕೇಳಬಹುದು. ಎದುರುಬದುರು ಜೋಡಿಯಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಯಾವಾಗಲೂ ಒಂದು ರೇಡಿಯೊ, ಒಂದು ಆಂಟೆನಾ, ಅಷ್ಟೇ.

ಆದರೂ ವಾಪಸ್ ಬಿಚ್ಚಿಟ್ಟೆ. ಕಾರಣ ಸ್ವಿಚ್ ಅಲ್ಲ, ಆಂಟೆನಾಗಳು. ನನ್ನ ಡೈಪೋಲಿನ ತುದಿಗೂ ವರ್ಟಿಕಲ್‌ಗೂ ಕೆಲವೇ ಮೀಟರ್ ದೂರ. ಒಂದರಲ್ಲಿ 100 ವ್ಯಾಟ್ ಬಿಟ್ಟರೆ ಇನ್ನೊಂದು ಅದನ್ನು ಗಾಳಿಯಲ್ಲೇ ಹಿಡಿದು ಒಳಗೆ ತರುತ್ತದೆ. ನಾನು ಅಳೆದಾಗ ಎರಡರ ನಡುವೆ ಕೆಲವು ಬ್ಯಾಂಡ್‌ಗಳಲ್ಲಿ 30 ಡಿಬಿಯೂ ಇರಲಿಲ್ಲ. 30 ಡಿಬಿ ಅಂದರೆ 100 ಮಿಲಿವ್ಯಾಟ್, ಅಗ್ಗದ ಸ್ವಿಚ್ ಸೋರಿದ್ದಕ್ಕಿಂತ ನಾಲ್ಕು ಪಟ್ಟು. ಸ್ವಿಚ್ ಎಷ್ಟೇ ಒಳ್ಳೆಯದಿದ್ದರೂ ಅದು ತಡೆಯುವ ಜಾಗದಲ್ಲಿ ಸೋರಿಕೆಯೇ ಇಲ್ಲ. ವಿಶಾಲ ಜಾಗದಲ್ಲಿ ಆಂಟೆನಾಗಳನ್ನು ದೂರ ದೂರ ಹಾಕಿದವರಿಗೆ, ಬ್ಯಾಂಡ್ ಫಿಲ್ಟರ್ (ಬೇರೆ ಬ್ಯಾಂಡಿನ ಸಿಗ್ನಲ್ ತಡೆಯುವ ಸಾಧನ) ಇಟ್ಟುಕೊಂಡವರಿಗೆ ಟ್ರಾನ್ಸ್‌ಫರ್ ಸ್ವಿಚ್ ಬಲು ಒಳ್ಳೆಯದು. ನನ್ನಂಥ ಇಕ್ಕಟ್ಟಿನ ಜಾಗಕ್ಕೆ ಅಲ್ಲ.

ಈಗ ನನ್ನ ಮೆಚ್ಚಿನದ್ದಕ್ಕೆ ಬರುತ್ತೇನೆ. ಎರಕದ ಸ್ವಿಚ್‌ನಲ್ಲಿ ಪ್ರತಿ ದಾರಿಗೂ ಲೋಹದಲ್ಲೇ ಕೊರೆದ ಪ್ರತ್ಯೇಕ ಗೂಡು ಇರುತ್ತದೆ. ತಂತಿ ಇಲ್ಲ, ಅಗಲವಾದ ಪಟ್ಟಿ ಇದೆ. ಆರಿಸದ ದಾರಿಗಳು ತಾವಾಗಿಯೇ ನೆಲಕ್ಕೆ (ಅರ್ತ್‌ಗೆ) ತಾಗುತ್ತವೆ. ಡೈವಾ ಸಿಎಸ್-201 ಈ ಜಾತಿಯ ಎರಡು ದಾರಿಯ ಸ್ವಿಚ್, ಹ್ಯಾಮ್‌ಗಳಿಗೆ ಪರಿಚಿತ. ನನ್ನವು ನಾಲ್ಕು ದಾರಿಯವು. ಅಳೆಯಲು ಹೋದರೆ ನನ್ನ ನ್ಯಾನೊವಿಎನ್‌ಎ ಕೈಚೆಲ್ಲಿತು. ಅದು ಕಾಣುವ ಮಿತಿಯೇ 70 ಡಿಬಿ ಆಸುಪಾಸು. 28 ಮೆಗಾಹರ್ಟ್ಸ್‌ನಲ್ಲೂ ಸೋರಿಕೆ ಗದ್ದಲದಲ್ಲಿ ಮುಳುಗಿಹೋಗಿತ್ತು. 70 ಡಿಬಿ ಅಂದರೆ 100 ವ್ಯಾಟಿಗೆ ಒಂದು ಮಿಲಿವ್ಯಾಟಿನ ನೂರನೇ ಒಂದು ಭಾಗ. ಯಾವ ರಿಸೀವರ್‌ಗೂ ಹೆದರಿಕೆ ಇಲ್ಲ.

ಎರಡನ್ನು ಎದುರುಬದುರು ಇಡುವುದರಲ್ಲಿ ಇನ್ನೊಂದು ಲಾಭ ಇದೆ. ನಡುವಿನ ಗಿಡ್ಡ ಕೇಬಲ್ ಇದೆಯಲ್ಲ, ಎಲ್ಲ ರೇಡಿಯೊಗೂ ಎಲ್ಲ ಆಂಟೆನಾಗೂ ಅದೊಂದೇ ಸೇತುವೆ. ಎಸ್‌ಡಬ್ಲ್ಯೂಆರ್ ಮೀಟರನ್ನೂ ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಟ್ಯೂನರನ್ನೂ ಅಲ್ಲಿಗೆ ಹಾಕಿದೆ. ಒಂದೇ ಮೀಟರ್, ಒಂದೇ ಟ್ಯೂನರ್, ಮೂರೂ ರೇಡಿಯೊಗೆ ಸಾಕು. ಆಂಟೆನಾ ಕಡೆಯ ಮೂರನೇ ದಾರಿಗೆ ಡಮ್ಮಿ ಲೋಡ್. ನಾಲ್ಕನೆಯದು ಖಾಲಿ. ಮೇಜು ಬಿಟ್ಟು ಏಳುವಾಗ ರೇಡಿಯೊ ಆಫ್ ಮಾಡಿ ಗುಂಡಿಯನ್ನು ಖಾಲಿ ದಾರಿಗೆ ತಿರುಗಿಸುತ್ತೇನೆ, ಎರಡೂ ಆಂಟೆನಾ ನೆಲಕ್ಕೆ ಸೇರುತ್ತವೆ. ತಂತಿಯಲ್ಲಿ ಕೂಡಿಕೊಳ್ಳುವ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ. ಇದು ಸಿಡಿಲಿಗೆ ರಕ್ಷಣೆ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ಮೋಡ ಕಟ್ಟುವ ಕಾಲದಲ್ಲಿ, ಗುಡುಗು ಕೇಳುವ ಮೊದಲೇ, ನಾನು ಕೇಬಲ್‌ಗಳನ್ನೇ ಕಳಚಿ ಹೊರಗಿನ ಅರ್ತ್ ಪಟ್ಟಿಗೆ ಸೇರಿಸಿಡುತ್ತೇನೆ.

ಮೆಚ್ಚಿನದ್ದು ಅಂತ ಕುಂದು ಮುಚ್ಚಿಡುವುದಿಲ್ಲ. ಆರಿಸದ ದಾರಿ ನೆಲಕ್ಕೆ ತಾಗುವುದು ರಿಸೀವರ್‌ಗೆ ವರ, ಟ್ರಾನ್ಸ್‌ಮಿಟರ್‌ಗೆ ಅಲ್ಲ. ಗುಂಡಿ ಸಣ್ಣ ಸೆಟ್ಟಿನ ಕಡೆ ಇದ್ದಾಗ ದೊಡ್ಡ ಸೆಟ್ಟಿನ ಮೈಕ್ ಒತ್ತಿದರೆ ಅದರ ಪವರ್ ನೇರ ಶಾರ್ಟ್‌ಗೆ ಹೋಗುತ್ತದೆ. ಈಗಿನ ಸೆಟ್‌ಗಳು ಎಸ್‌ಡಬ್ಲ್ಯೂಆರ್ ನೋಡಿ ತಾವೇ ಪವರ್ ಇಳಿಸಿಕೊಳ್ಳುತ್ತವೆ, ನನ್ನದೂ ಹಾಗೇ ಉಳಿದುಕೊಂಡಿತು. ಕೈಯಲ್ಲಿ ಕಟ್ಟಿದ 5 ವ್ಯಾಟಿನ ಸೆಟ್ಟಿಗೆ ಅಂಥ ರಕ್ಷಣೆ ಇಲ್ಲ. ಇದಕ್ಕಿಂತ ಅಪಾಯ ಕಂಪ್ಯೂಟರಿನದ್ದು. ಎಫ್‌ಟಿ8 ನಡೆಯುವಾಗ ಟ್ರಾನ್ಸ್‌ಮಿಟ್ ಒತ್ತುವುದು ನನ್ನ ಬೆರಳಲ್ಲ, ಸಾಫ್ಟ್‌ವೇರ್. ಅದಕ್ಕೆ ಗುಂಡಿ ಎಲ್ಲಿದೆ ಅಂತ ಗೊತ್ತಿಲ್ಲ. ಪವರ್ ಹೋಗುತ್ತಿರುವಾಗ ಗುಂಡಿ ತಿರುಗಿಸಿದರೆ ಒಳಗೆ ಕಿಡಿ ಹಾರಿ ಸಂಪರ್ಕದ ಜಾಗ ಸುಡುತ್ತದೆ. ಈಗ ನನ್ನ ಕ್ರಮ ಹೀಗಿದೆ: ಮೊದಲು ಸಾಫ್ಟ್‌ವೇರ್‌ನಲ್ಲಿ ಟ್ರಾನ್ಸ್‌ಮಿಟ್ ನಿಲ್ಲಿಸು, ಮೀಟರ್ ಮುಳ್ಳು ಸೊನ್ನೆಗೆ ಬಂದದ್ದು ನೋಡು, ಆಮೇಲೆ ಗುಂಡಿ. ಬಳಸದ ಸೆಟ್ಟಿನ ಪವರ್ ಸಪ್ಲೈಯನ್ನೇ ಆಫ್ ಮಾಡುತ್ತೇನೆ. ರಿಲೇ (ವಿದ್ಯುತ್ತಿನಿಂದ ತಿರುಗುವ ಸ್ವಿಚ್) ಇರುವ ವ್ಯವಸ್ಥೆಯಲ್ಲಿ ಪಿಟಿಟಿ, ಅಂದರೆ ಟ್ರಾನ್ಸ್‌ಮಿಟ್ ಒತ್ತುವ ಸಂಕೇತವನ್ನೂ ಜೊತೆಗೇ ತಡೆಯುವಂತೆ ಮಾಡಬಹುದು. ಕೈ ಸ್ವಿಚ್‌ನಲ್ಲಿ ಆ ಎಚ್ಚರ ನಮ್ಮದೇ.

ಇನ್ನೊಂದು ಸಣ್ಣ ಕಿರಿಕಿರಿ, ತೂಕ. ಆರ್‌ಜಿ-213ರಂಥ ದಪ್ಪ ಕೇಬಲ್ ನಾಲ್ಕೈದು ಜೋತುಬಿದ್ದರೆ ಸ್ವಿಚ್ ಮೇಜಿನ ಮೇಲೆ ತಾನೇ ತಿರುಗುತ್ತದೆ. ಒಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿದೆ, ಕೇಬಲ್‌ಗಳನ್ನು ಹಲಗೆಗೇ ಕಟ್ಟಿದೆ.

ಉಳಿದದ್ದು ಚುಟುಕಾಗಿ. ಸ್ವಿಚ್‌ನಿಂದ ಸಿಗ್ನಲ್ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಬೇಡ, 0.2 ಡಿಬಿ ಹೋದರೂ 100 ವ್ಯಾಟಿನಲ್ಲಿ 95 ವ್ಯಾಟ್ ಉಳಿಯುತ್ತದೆ. ಎಚ್‌ಎಫ್‌ಗೆ ಎನ್ ಕನೆಕ್ಟರ್ ಬೇಕಿಲ್ಲ, ಪಿಎಲ್-259 ಕೂರುವ ಎಸ್‌ಒ-239 ಸಾಕೆಟ್ ಸಾಕು. ಒಂದು ಕೇಬಲನ್ನು ಎರಡಾಗಿ ಕವಲೊಡೆಸುವ ಟಿ ಕನೆಕ್ಟರಿನಲ್ಲಿ ಎರಡು ಸೆಟ್ ಜೋಡಿಸುವ ಯೋಚನೆ ಇದ್ದರೆ ಇವತ್ತೇ ಬಿಡಿ.

ಹಣದ ಮಾತು. ಎರಡು ಒಳ್ಳೆಯ ಸ್ವಿಚ್‌ಗೆ ನಾನು ಕೊಟ್ಟದ್ದು ಅಗ್ಗದ ಒಂದರ ಆರು ಪಟ್ಟು. ಆದರೆ ಸತ್ತ ರಿಸೀವರಿನ ಬೆಲೆಯನ್ನು ಅಗ್ಗದ್ದಕ್ಕೆ ಕೂಡಿಸಿದರೆ ವ್ಯತ್ಯಾಸ ಏನೂ ಉಳಿಯಲಿಲ್ಲ. ಒಂದೇ ಕೊಳ್ಳಲು ಕೈಯಲ್ಲಿ ಹಣ ಇದ್ದರೆ ಅದನ್ನು ರೇಡಿಯೊಗಳ ಕಡೆಗೆ ಹಾಕಿ, ಆಂಟೆನಾಗಳನ್ನು ಬಿಎನ್‌ಸಿ ಪಟ್ಟಿಯಲ್ಲೇ ಬದಲಾಯಿಸಿ. ನಾನೂ ಮೊದಲ ಆರು ತಿಂಗಳು ಹಾಗೇ ನಡೆಸಿದೆ. ಅಗ್ಗದ ಸ್ವಿಚ್ಚನ್ನು ಎಸೆದಿಲ್ಲ. ಅದೀಗ ಕೇಳಲು ಮಾತ್ರ ಬಳಸುವ ಎರಡು ಲೂಪ್ ಆಂಟೆನಾಗಳ ನಡುವೆ ಕೂತಿದೆ. ಟ್ರಾನ್ಸ್‌ಮಿಟರ್ ಇಲ್ಲದ ಜಾಗದಲ್ಲಿ ಒಳ್ಳೆಯ ಕೆಲಸ ಮಾಡುತ್ತಿದೆ.